ಕೂಲರ್‌ಗೆ ಮೊದಲು ಗೇಜ್

ಪ್ರಶ್ನೆ: ನನ್ನ ಹತ್ತಿರ ಹಳೆಯ ಹೋಂಡಾ ಸಿಟಿ 1.5 ವಿಟೆಕ್ ಇದೆ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ್ದೇನೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಬದಲಾಗಿದೆ. ಆಗಾಗ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟರ್ ಸ್ಪೀಡ್‌ವೇಗೆ ಹೋಗಿ ಓಡಿಸುವ ಆಸೆ. ಉಳಿದಂತೆ ಕಾಸರಗೋಡು, ಮಂಗಳೂರು ಓಡಾಟ, ಒಮ್ಮೊಮ್ಮೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿ. ಗೆಳೆಯರು 25 ಸಾಲಿನ ಆಯಿಲ್ ಕೂಲರ್ ಹಾಕಿಸು ಅಂತಾರೆ. ಆನ್‌ಲೈನಿನಲ್ಲಿ ಪೂರ್ತಿ ಸೆಟ್ ಕಡಿಮೆ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ? ಎಲ್ಲಿ ಕೂರಿಸಬೇಕು?
– ಓದುಗರೊಬ್ಬರು, ಮಧೂರು

ಉತ್ತರ: ಈಗಲೇ ಕೂಲರ್ ತಗೊಳ್ಳಬೇಡಿ. ಆಯಿಲ್ ಕೂಲರ್ ಅಂದರೆ ಎಂಜಿನ್ ಆಯಿಲನ್ನು ಗಾಳಿಯಿಂದ ತಣಿಸುವ ಸಣ್ಣ ರೇಡಿಯೇಟರ್, ಸಾಲು ಅಂದರೆ ಅದರೊಳಗೆ ಆಯಿಲ್ ಹರಿಯುವ ದಾರಿಗಳ ಎಣಿಕೆ. ಮೊದಲು ಆಯಿಲ್ ಟೆಂಪರೇಚರ್ ಗೇಜ್ ಒಂದು ಹಾಕಿಸಿ. ಕೂಲರ್ ಬೇಕೋ ಬೇಡವೋ, ಬೇಕಾದರೆ ಎಷ್ಟು ದೊಡ್ಡದು ಅಂತ ಹೇಳಬೇಕಾದ್ದು ಆ ಗೇಜ್. ಗೆಳೆಯರೂ ಅಲ್ಲ, ನಾನೂ ಅಲ್ಲ.

"ನನ್ನ ಗಾಡಿ ಬಿಸಿಯೇ ಆಗೋದಿಲ್ಲ, ಮುಳ್ಳು ನಡುವಿನಿಂದ ಅಲುಗೋದೇ ಇಲ್ಲ" ಅಂತ ಹೇಳುವವರು ಬದಿಯಡ್ಕದ ನನ್ನ ಗ್ಯಾರೇಜಿಗೆ ತುಂಬ ಜನ ಬರುತ್ತಾರೆ. ಡ್ಯಾಶ್‌ಬೋರ್ಡಿನ ಆ ಮುಳ್ಳು ತೋರಿಸುವುದು ನೀರಿನ ಬಿಸಿ ಮಾರಾಯ್ರೇ, ಆಯಿಲಿನದ್ದಲ್ಲ. ನೀರಿಗೆ ಥರ್ಮೋಸ್ಟಾಟ್ (ಬಿಸಿಯಾದಾಗ ತಾನಾಗಿ ತೆರೆಯುವ ಬಾಗಿಲು) ಇದೆ, ರೇಡಿಯೇಟರ್ ಇದೆ, ಫ್ಯಾನ್ ಇದೆ. ಅದನ್ನು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಲು ಎಲ್ಲ ಏರ್ಪಾಡೂ ಇದೆ. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಆಯಿಲ್ ತಣಿಸಲು ಬೇರೆ ಏರ್ಪಾಡಿಲ್ಲ. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ತಾಗುವ ಗಾಳಿಯೇ ಅದಕ್ಕೆ ಗತಿ. ಪಿಸ್ಟನ್ನಿನ ಅಡಿ, ಕ್ರ್ಯಾಂಕಿನ ಬೇರಿಂಗು, ಮೇಲೆ ಕ್ಯಾಮ್, ಎಲ್ಲದರ ಬಿಸಿಯನ್ನೂ ಹೊತ್ತು ತರುವುದು ಇದೇ ಆಯಿಲ್. ಟ್ರ್ಯಾಕಿನಲ್ಲಿ ಬಿಡದೆ 6,000 ಆರ್‌ಪಿಎಂ ಮೇಲೆ ಓಡಿಸಿದರೆ ನೀರು 92ರಲ್ಲಿ ಆರಾಮಾಗಿ ಇರುತ್ತದೆ, ಆಯಿಲ್ 125 ದಾಟಿರಬಹುದು. ಮುಳ್ಳಿಗೆ ಆ ಸುದ್ದಿಯೇ ಮುಟ್ಟಿರುವುದಿಲ್ಲ.

ಬಿಸಿ ಜಾಸ್ತಿಯಾದರೆ ಏನಾಗುತ್ತದೆ? ಡಬ್ಬದ ಮೇಲೆ 5ಡಬ್ಲ್ಯೂ-30 ಅಂತ ಇರುತ್ತದೆ ಅಲ್ವಾ, ಅದರಲ್ಲಿ 30 ಅಂದರೆ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರಬೇಕು ಅನ್ನುವ ಲೆಕ್ಕ. ದಪ್ಪ ಅಳೆಯುವ ಸೆಂಟಿಸ್ಟೋಕ್ಸ್ ಲೆಕ್ಕದಲ್ಲಿ 9.3ರಿಂದ 12.5ರ ಒಳಗೆ ಇರಬೇಕು. ಅದೇ ಆಯಿಲ್ 130 ಮುಟ್ಟಿದಾಗ ದಪ್ಪ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಲೋಹ ಲೋಹಕ್ಕೆ ತಾಗದಂತೆ ತಡೆಯುವುದು ಈ ತೆಳು ಪದರ ಒಂದೇ. ಅದು ಹರಿದರೆ ಎಂಜಿನ್ ಬಿಚ್ಚಲೇಬೇಕು. ನೀವು ಈಗಷ್ಟೇ ಕಟ್ಟಿಸಿದ ಎಂಜಿನ್ ಅದು. ಅದಕ್ಕೇ ನಾನು ಇಷ್ಟು ಒತ್ತಿ ಹೇಳುವುದು.

ಹಾಗಂತ ತಣ್ಣಗಿದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಇಲ್ಲಿ ತುಂಬ ಜನ ಎಡವುತ್ತಾರೆ. ಎಂಜಿನ್ ಓಡುವಾಗ ಆಯಿಲಿಗೆ ಒಂದಿಷ್ಟು ನೀರಿನ ಆವಿ, ಒಂದಿಷ್ಟು ಸುಡದ ಪೆಟ್ರೋಲು ಸೇರುತ್ತಲೇ ಇರುತ್ತದೆ. ಆಯಿಲ್ 90-100ರವರೆಗೆ ಬಿಸಿಯಾದರೆ ಅವು ಆವಿಯಾಗಿ ಹೊರಗೆ ಹೋಗುತ್ತವೆ. ಯಾವಾಗಲೂ 65-70ರಲ್ಲೇ ಇದ್ದರೆ ಹೋಗುವುದಿಲ್ಲ. ಜುಲೈ ತಿಂಗಳ ನಮ್ಮ ಮಳೆಯಲ್ಲಿ, ಮಧೂರಿನಿಂದ ಪೇಟೆಗೆ ಹೋಗಿ ಬರುವ ಗಾಡಿಗೆ ಥರ್ಮೋಸ್ಟಾಟ್ ಇಲ್ಲದ ದೊಡ್ಡ ಕೂಲರ್ ಹಾಕಿದರೆ ಆಗುವುದು ಇದೇ. ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಬದಿ ನೋಡಿ. ಬೆಣ್ಣೆಯಂಥ ಬಿಳಿ ಹಳದಿ ಜಿಡ್ಡು ಮೆತ್ತಿಕೊಂಡಿರುತ್ತದೆ. ಬೆರಳಿನಿಂದ ಒರೆಸಿ ಮೂಸಿದರೆ ಪೆಟ್ರೋಲಿನ ವಾಸನೆಯೂ ಬರಬಹುದು. 25 ಸಾಲಿನ ಕೂಲರ್ ನಿಮಗೆ ಬೇಡ ಅನ್ನುವುದು ಇದಕ್ಕೇ.

ಗೇಜಿನ ಸೆನ್ಸರ್ ಎಲ್ಲಿ ಕೂರಿಸುವುದು? ಕೆಲವರು ಡ್ರೈನ್ ಬೋಲ್ಟಿನ ಜಾಗದಲ್ಲಿ ಹಾಕುತ್ತಾರೆ. ನಮ್ಮ ಒಳರಸ್ತೆಯ ಹಂಪುಗಳನ್ನು ನೋಡಿದರೆ ನನಗೆ ಅದು ಇಷ್ಟವಿಲ್ಲ. ಎಂಜಿನ್ನಿಗೂ ಆಯಿಲ್ ಫಿಲ್ಟರಿಗೂ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್ ಸಿಗುತ್ತದೆ, ಅದರಲ್ಲಿ ಸೆನ್ಸರಿಗೆ ತೂತು ಇರುತ್ತದೆ. ಹೇಗೂ ಮುಂದೆ ಕೂಲರ್ ಹಾಕುವುದಾದರೆ ಪ್ಲೇಟ್ ಬೇಕೇ ಬೇಕು. ಮೊದಲೇ ಥರ್ಮೋಸ್ಟಾಟ್ ಇರುವ ಪ್ಲೇಟ್ ತಗೊಂಡು, ಕೂಲರಿನ ಎರಡು ಬಾಯಿಗೂ ಪ್ಲಗ್ ಹಾಕಿ, ಗೇಜ್ ಮಾತ್ರ ಜೋಡಿಸಿ. ಪ್ಲಗ್ ಹಾಕಿದರೂ ಫಿಲ್ಟರಿಗೆ ಆಯಿಲ್ ಪೂರ್ತಿ ಹರಿಯುವ ಪ್ಲೇಟೇ ಆಗಬೇಕು, ಅಂಗಡಿಯವರ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಸೆನ್ಸರಿಗೆ ಮಾತ್ರ ಜಾಗವಿರುವ ಸಾದಾ ಪ್ಲೇಟ್ ಸಾಕು. ನಿಮ್ಮ ಗಾಡಿಯ ಫಿಲ್ಟರ್ ಥ್ರೆಡ್ ಎಂ20, 1.5 ಪಿಚ್. ಸುಮ್ನೆ "ಹೋಂಡಾದ್ದು ಕೊಡಿ" ಅನ್ನದೆ ಹಳೆಯ ಫಿಲ್ಟರ್ ಕೈಯಲ್ಲಿ ಹಿಡಿದೇ ಹೋಗಿ.

ಗೇಜ್ ಹಾಕಿದ ಮೇಲೆ ಗಾಡಿಯನ್ನು ನೀವು ಓಡಿಸುವ ಹಾಗೆಯೇ ಓಡಿಸಿ. ಪೇಟೆಯ ಟ್ರಾಫಿಕ್ಕಿನಲ್ಲಿ ನೋಡಿ, ಹೈವೇಯಲ್ಲಿ ನೋಡಿ. ಚೆರ್ಕಳ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆಯಿಂದ ಮೇಲೆ ಹತ್ತುವಾಗ ಗಮನ ಕೊಟ್ಟು ನೋಡಿ. 90ರಿಂದ 110 ಇದ್ದರೆ ಬಂಗಾರದಂಥ ಬಿಸಿ. ಘಾಟಿಯಲ್ಲಿ ಸ್ವಲ್ಪ ಹೊತ್ತು 115 ಆದರೂ ಒಳ್ಳೆಯ ಸಿಂಥೆಟಿಕ್ ಆಯಿಲಿಗೆ ಅದು ದೊಡ್ಡ ವಿಷಯವಲ್ಲ. ರಸ್ತೆಗೆ ಮಾತ್ರ ಅನ್ನುವುದಾದರೆ ನಿಮ್ಮ ಗಾಡಿಗೆ ಕೂಲರೇ ಬೇಡ ಅನ್ನುವುದು ನನ್ನ ಅಂದಾಜು. ಟ್ರ್ಯಾಕಿನ ಲೆಕ್ಕ ಬೇರೆ. ಅಲ್ಲಿ ಕೆಲವೇ ಸುತ್ತಿನಲ್ಲಿ 120 ದಾಟಿ, ನಿಲ್ಲದೆ ಏರುತ್ತಲೇ ಹೋದರೆ ಕೂಲರ್ ಬೇಕು. 130 ಕಂಡರೆ ಆ ಸುತ್ತನ್ನು ಅಲ್ಲಿಗೇ ಬಿಟ್ಟು ನಿಧಾನಕ್ಕೆ ಓಡಿಸಿ ತಣಿಸಿ.

ಇನ್ನು ಕೂಲರ್ ಆಯ್ಕೆ. ಸಾಲು ಮಾತ್ರ ಎಣಿಸಬೇಡಿ, ಅಗಲವನ್ನೂ ನೋಡಿ. ಅಂಗಡಿಯಲ್ಲಿ ಸಾಮಾನ್ಯವಾಗಿ 115, 235, 330 ಮಿಲಿಮೀಟರ್ ಅಗಲದವು ಸಿಗುತ್ತವೆ. 115ರ ಅಗಲದ 19 ಸಾಲಿಗಿಂತ 235ರ 13 ಸಾಲು ಜಾಸ್ತಿ ಕೆಲಸ ಮಾಡುತ್ತದೆ. ಟರ್ಬೊ ಇಲ್ಲದ 1.5 ಲೀಟರಿನ ನಿಮ್ಮ ಎಂಜಿನ್ನಿಗೆ 235ರ ಅಗಲದಲ್ಲಿ 10 ಅಥವಾ 13 ಸಾಲು ಧಾರಾಳ ಸಾಕು. ನಾನಾದರೆ 13 ತಗೊಳ್ಳುತ್ತೇನೆ, ಕೊಯಮತ್ತೂರಿನ ಬಿಸಿಲು ನೆನೆಸಿಕೊಂಡು. ಎರಡು ಲೀಟರ್ ಟರ್ಬೊ ಆಗಿದ್ದರೆ 16 ಅಥವಾ 19 ಅನ್ನುತ್ತಿದ್ದೆ. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ಮಾದರಿಯೇ ಇರಲಿ. ಕೊಳವೆಗೆ ರೆಕ್ಕೆ ಸುತ್ತಿದ ಹಳೆಯ ಮಾದರಿ ಅದೇ ಜಾಗದಲ್ಲಿ ಅಷ್ಟು ತಣಿಸುವುದಿಲ್ಲ.

ಕೂಲರ್ ಜೋಡಿಸುವುದಾದರೆ ಥರ್ಮೋಸ್ಟಾಟ್ ಇಲ್ಲದ ಪ್ಲೇಟನ್ನು ಯಾರಾದರೂ ಫ್ರೀಯಾಗಿ ಕೊಟ್ಟರೂ ಬೇಡ ಅನ್ನಿ. 80 ಡಿಗ್ರಿಯ ಹತ್ತಿರ ಬಾಯಿ ತೆರೆಯುವಂಥದ್ದು ನಮಗೆ ಸರಿ. ಮುಚ್ಚಿದ್ದಾಗಲೂ ಅದು ಸ್ವಲ್ಪ ಆಯಿಲನ್ನು ಕೂಲರಿಗೆ ಬಿಡುತ್ತಿರುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಕೂಲರಿನೊಳಗೆ ಗಾಳಿ ನಿಲ್ಲಬಾರದು, ಒಮ್ಮೆಲೇ ತಣ್ಣನೆಯ ಆಯಿಲ್ ಎಂಜಿನ್ನಿಗೆ ನುಗ್ಗಬಾರದು ಅಂತ ಹಾಗೆ ಮಾಡಿರುತ್ತಾರೆ.

ಆನ್‌ಲೈನಿನ ಕಡಿಮೆ ಬೆಲೆಯ ಸೆಟ್ ಬಗ್ಗೆ ನನ್ನ ಮಾತು ಇಷ್ಟು: ಅದರ ಕೂಲರ್ ಒಮ್ಮೊಮ್ಮೆ ಪರವಾಗಿಲ್ಲ, ಹೋಸು ಮತ್ತು ಫಿಟ್ಟಿಂಗ್ ನಂಬಬೇಡಿ. ಎಂಜಿನ್ನಿನ ಆಯಿಲ್ ಪೂರ್ತಿ ಈ ಎರಡು ಹೋಸಿನ ಮೂಲಕ ಹೊರಗೆ ಹೋಗಿ ಒಳಗೆ ಬರುತ್ತದೆ. ಒಂದು ಕಿತ್ತು ಹೋದರೆ ಕೆಲವೇ ಸೆಕೆಂಡಿನಲ್ಲಿ ಚೇಂಬರ್ ಖಾಲಿ. ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದರೆ ಬೆಂಕಿ. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಪ್ರೆಶರ್ 6-7 ಬಾರ್‌ವರೆಗೂ ಹೋಗಬಹುದು. ರೇಡಿಯೇಟರಿನ ಹೋಸು, ಸ್ಕ್ರೂ ತಿರುಗಿಸುವ ಕ್ಲಿಪ್ಪು, ಇವೆಲ್ಲ ಇಲ್ಲಿ ನಡೆಯುವುದಿಲ್ಲ. ಆಯಿಲಿಗೆಂದೇ ಇರುವ, 150 ಡಿಗ್ರಿ ತಾಳುವ ಹೋಸು ತಗೊಂಡು, ಎಎನ್ 10 ಅನ್ನುವ ಅಳತೆಯ ಫಿಟ್ಟಿಂಗ್ ಹಾಕಿಸಿ. ಆ 10 ಅಂದರೆ ಇಂಚಿನ ಹದಿನಾರನೇ ಭಾಗದ ಲೆಕ್ಕ, ಅಂದರೆ ಸುಮಾರು 16 ಮಿಲಿಮೀಟರ್. ಎಎನ್ 8ರಲ್ಲೂ ನಡೆಯುತ್ತದೆ ಅನ್ನುವವರಿದ್ದಾರೆ. ದಾರಿ ಸಪೂರ ಆದಷ್ಟೂ ಪ್ರೆಶರ್ ಇಳಿಯುತ್ತದೆ, ಅದು ನನಗೆ ಬೇಡ. 90 ಡಿಗ್ರಿ ಬೆಂಡ್ ಕಡಿಮೆ ಇದ್ದಷ್ಟೂ ಒಳ್ಳೆಯದು.

ಸ್ಟೀಲ್ ಬ್ರೇಡ್ ಸುತ್ತಿದ ಹೋಸು ನೋಡಲು ಚಂದ. ಅದು ಅರದ ಕೆಲಸವನ್ನೂ ಮಾಡುತ್ತದೆ. ಮೊನ್ನೆ ಗ್ಯಾರೇಜಿಗೆ ಬಂದ ಒಂದು ಗಾಡಿಯಲ್ಲಿ ಇಂಥ ಹೋಸು ಎಸಿಯ ಅಲ್ಯೂಮಿನಿಯಂ ಪೈಪಿಗೆ ತಾಗಿಕೊಂಡಿತ್ತು. ಪೈಪಿನ ಮೇಲೆ ಹೊಸ ಚಮಚದ ಹಾಗೆ ಹೊಳೆಯುವ ಒಂದು ಗೆರೆ. ಉಗುರು ಇಟ್ಟರೆ ಉಗುರು ಒಳಗೆ ಕೂರುತ್ತಿತ್ತು. ಸುತ್ತ ಕಪ್ಪು ಪುಡಿ. ಇನ್ನು ಸ್ವಲ್ಪ ದಿನ ಓಡಿದ್ದರೆ ಗ್ಯಾಸ್ ಪೂರ್ತಿ ಹೋಗುತ್ತಿತ್ತು. ನಿಮ್ಮ ಎಂಜಿನ್ನಿನಲ್ಲಿ ಫಿಲ್ಟರ್ ಇರುವುದು ಹಿಂದುಗಡೆ, ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲ್ ಬದಿಯಲ್ಲಿ. ಅಲ್ಲಿಂದ ಮುಂದಿನ ಬಂಪರಿನವರೆಗೆ ಹೋಸು ದೂರ ಬರಬೇಕು. ದಾರಿಯಲ್ಲಿ ಎಲ್ಲೆಲ್ಲಿ ತಾಗಬಹುದೋ ಅಲ್ಲೆಲ್ಲ ರಬ್ಬರ್ ಇರುವ ಕ್ಲ್ಯಾಂಪ್ ಹಾಕಿಸಿ. ಎಕ್ಸಾಸ್ಟಿನ ಹತ್ತಿರ ಹೋಗಲೇಬೇಕಾದರೆ ಬಿಸಿ ತಡೆಯುವ ಕವಚ ತೊಡಿಸಿ. ಎಂಜಿನ್ ತನ್ನ ಮೌಂಟಿನ ಮೇಲೆ ಹಿಂದೆ ಮುಂದೆ ಅಲುಗುತ್ತದೆ, ಕೂಲರ್ ಬಾಡಿಗೆ ಕೂತಿರುತ್ತದೆ. ಹೋಸನ್ನು ಎಳೆದು ಕಟ್ಟಬೇಡಿ, ಸ್ವಲ್ಪ ಸಡಿಲು ಬಿಡಿ. ಪ್ಲೇಟ್ ಹಾಕಿದ ಮೇಲೆ ಫಿಲ್ಟರ್ ಅಷ್ಟು ಹೊರಗೆ ಬರುತ್ತದೆ, ಯಾವುದಕ್ಕಾದರೂ ತಾಗುತ್ತದಾ ಅಂತ ಕೈ ಹಾಕಿ ನೋಡಿ. ತಾಗಿದರೆ ಅದೇ ಥ್ರೆಡ್ಡಿನ ಗಿಡ್ಡ ಫಿಲ್ಟರ್ ಹುಡುಕಿ.

ಕೂಲರನ್ನು ಬಂಪರಿನ ಕೆಳಗಿನ ಕಂಡಿಯ ಹಿಂದೆ ಕೂರಿಸಿ, ಎಸಿ ಕಂಡೆನ್ಸರನ್ನು ಪೂರ್ತಿ ಮುಚ್ಚದ ಹಾಗೆ. ಕೂಲರಿನಿಂದ ಹೊರಬಂದ ಬಿಸಿ ಗಾಳಿಯೇ ಹಿಂದಿರುವ ರೇಡಿಯೇಟರಿಗೆ ಸಿಗುವುದು ನೆನಪಿರಲಿ. ಎದುರಿನಿಂದ ಬರುವ ಗಾಳಿ ಪಕ್ಕದಿಂದ ತಪ್ಪಿಸಿಕೊಂಡು ಹೋಗದ ಹಾಗೆ ತೆಳು ಅಲ್ಯೂಮಿನಿಯಂ ಶೀಟಿನಿಂದ ಬದಿ ಕಟ್ಟಿಸಿ. ಆ ಶೀಟಿನಿಂದ ಸಿಗುವ ಲಾಭ ಇನ್ನೂ ಐದಾರು ಸಾಲು ಜಾಸ್ತಿ ಹಾಕಿದರೂ ಸಿಗುವುದಿಲ್ಲ. ಗಾಳಿ ಹಿಂದಿನಿಂದ ಹೊರಗೆ ಹೋಗಲೂ ದಾರಿ ಬೇಕು. ಹೋಸಿನ ಬಾಯಿಗಳು ಮೇಲ್ಮುಖವಾಗಿ ಇರಲಿ, ಆಗದಿದ್ದರೆ ಬದಿಗೆ. ಕೆಳಮುಖವಾಗಿ ಹಾಕಿದರೆ ಮೇಲಿನ ಭಾಗದಲ್ಲಿ ಗಾಳಿ ಸಿಕ್ಕಿಕೊಂಡು ಅಷ್ಟೂ ಜಾಗ ದಂಡ. ಬೋಲ್ಟಿನಲ್ಲಿ ಸೀದಾ ಬಿಗಿಯಬೇಡಿ, ರಬ್ಬರ್ ಬುಷ್ ಮೇಲೆ ಕೂರಿಸಿ. ಅದುರಿ ಅದುರಿ ಅಲ್ಯೂಮಿನಿಯಂ ಬಿರುಕು ಬಿಡುವುದು ಬೋಲ್ಟ್ ಹಾಕುವ ಕಿವಿಯ ಹತ್ತಿರವೇ. ಎದುರಿಗೆ ಒಂದು ಸಣ್ಣ ಜಾಲರಿ ಹಾಕಿ, ಜಲ್ಲಿ ಹಾರುತ್ತದೆ. ನಾವಿರುವುದು ಕಡಲ ಬದಿಯಲ್ಲಿ, ಉಪ್ಪಿನ ಗಾಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆಗಾಗ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಫಿಟ್ ಮಾಡುವ ಮೊದಲು ಹೊಸ ಕೂಲರನ್ನೂ ಹೋಸನ್ನೂ ಒಳಗಿನಿಂದ ತೊಳೆದು ಒಣಗಿಸಿ. ಹೋಸು ಕತ್ತರಿಸಿದಾಗಿನ ರಬ್ಬರ್ ಚೂರು ಒಳಗೇ ಇರುತ್ತದೆ. ಆಮೇಲೆ ಕೂಲರಿಗೆ ಆಯಿಲ್ ತುಂಬಿಸಿಯೇ ಜೋಡಿಸಿ. ಇಂಜೆಕ್ಟರಿನ ಪ್ಲಗ್ ಮತ್ತು ಇಗ್ನಿಷನ್ನಿನ ಕನೆಕ್ಷನ್ ಕಳಚಿ, ಆಯಿಲ್ ಲೈಟ್ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸ್ಟಾರ್ಟರ್ ತಿರುಗಿಸಿ. ಆಮೇಲೆ ಸ್ಟಾರ್ಟ್ ಮಾಡಿ, ಎಕ್ಸಿಲರೇಟರ್ ಕೊಡದೆ ಬಿಟ್ಟು, ಟಾರ್ಚ್ ಹಿಡಿದು ಪ್ರತಿ ಫಿಟ್ಟಿಂಗ್ ನೋಡಿ. ಒಂದು ಸುತ್ತು ಓಡಿಸಿ ಬಿಸಿಯಾದ ಮೇಲೆ ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ ಮತ್ತೆ ಆಯಿಲ್ ಮಟ್ಟ ನೋಡಿ. ಥರ್ಮೋಸ್ಟಾಟ್ ತೆರೆದ ಮೇಲೆ ಮಟ್ಟ ಇಳಿದಿದ್ದರೆ ಅಷ್ಟು ಹಾಕಬೇಕು.

ಇನ್ನೊಂದು ಮಾತು. ಟ್ರ್ಯಾಕಿನಲ್ಲಿ ಉದ್ದದ ತಿರುವಿನಲ್ಲಿ ಮಾತ್ರ ಆಯಿಲ್ ಲೈಟ್ ಮಿಣುಕಿದರೆ ಅದು ಬಿಸಿಯ ತೊಂದರೆಯಲ್ಲ. ಆಯಿಲ್ ಚೇಂಬರಿನ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತಿದೆ ಅಂತ ಅರ್ಥ. ಅದಕ್ಕೆ ಚೇಂಬರಿನೊಳಗೆ ತಡೆ ತಗಡು ಬೇಕು. ಕೂಲರ್ ಅದಕ್ಕೆ ಔಷಧಿಯಲ್ಲ.

ಪ್ರಶ್ನೆ: ಆಯಿಲ್ ಕೂಲರ್ ಹಾಕಿಸಿದರೆ ಮೋಟಾರು ವಾಹನ ಇಲಾಖೆಯವರು ಹಿಡಿಯುತ್ತಾರಾ?
– ಓದುಗರು, ಮಂಜೇಶ್ವರ

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡಬಾರದು ಅಂತ ಅದರಲ್ಲಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಮ್ಮ ಕೇರಳದ ಪ್ರಕರಣದಲ್ಲೇ ಇದನ್ನು ಗಟ್ಟಿಯಾಗಿ ಹೇಳಿದೆ. ಬಂಪರಿನ ಹಿಂದೆ ಕೂತ ಸಣ್ಣ ಕೂಲರ್ ಆರ್‌ಸಿಯ ಯಾವ ವಿವರವನ್ನೂ ಬದಲಿಸುವುದಿಲ್ಲ. ಅದಕ್ಕಾಗಿ ಬಂಪರ್ ಕತ್ತರಿಸಬೇಡಿ, ಬೋನೆಟ್ಟಿಗೆ ತೂತು ಕೊರೆಯಬೇಡಿ. ಗಾಡಿ ವಾರಂಟಿಯಲ್ಲಿದ್ದರೆ ಮೊದಲು ಕಂಪನಿಯವರನ್ನು ಕೇಳಿ. ಇನ್ಶೂರೆನ್ಸಿನವರಿಗೂ ತಿಳಿಸಿ.

ಪ್ರಶ್ನೆ: ನನ್ನದು ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ. ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡಿಸಿದ್ದೇನೆ. ಹೊಸೂರು–ಕೃಷ್ಣಗಿರಿ ಹೈವೇಯಲ್ಲಿ ಓಡಾಟ. ಹೊರಗಿನ ಆಯಿಲ್ ಕೂಲರ್ ಹಾಕಿಸಬೇಕಾ?
– ಓದುಗರು, ಹೊಸೂರು

ಉತ್ತರ: ನಿಮ್ಮ ಗಾಡಿಯಲ್ಲಿ ಆಯಿಲ್ ಕೂಲರ್ ಆಗಲೇ ಇದೆ, ಗಾಳಿಯದ್ದಲ್ಲ, ನೀರಿನದ್ದು. ಫಿಲ್ಟರ್ ಕೂರುವ ಬ್ರ್ಯಾಕೆಟ್ಟಿನಲ್ಲೇ ತಟ್ಟೆಗಳ ಒಂದು ಸಣ್ಣ ಪೆಟ್ಟಿಗೆಯಂತೆ ಇರುತ್ತದೆ. ಒಂದು ತಟ್ಟೆಯಲ್ಲಿ ಆಯಿಲ್, ಪಕ್ಕದ್ದರಲ್ಲಿ ಕೂಲೆಂಟ್. ಬೆಳಿಗ್ಗೆ ನೀರು ಬೇಗ ಬಿಸಿಯಾಗಿ ಆಯಿಲನ್ನೂ ಬಿಸಿ ಮಾಡುತ್ತದೆ, ಆಮೇಲೆ ಅದರ ಹೆಚ್ಚುವರಿ ಬಿಸಿಯನ್ನು ಎಳೆದುಕೊಳ್ಳುತ್ತದೆ. ತುಂಬ ಒಳ್ಳೆಯ ಏರ್ಪಾಡು ಅದು. ಹೈವೇ ಓಡಾಟಕ್ಕೆ ಅಷ್ಟೇ ಸಾಕು. ಟ್ರ್ಯಾಕಿಗೆ ಇಳಿಯುವ ಯೋಚನೆ ಬಂದರೆ ಆಗ ಗೇಜ್ ನೋಡಿ ತೀರ್ಮಾನ ಮಾಡಿ. ನಿಮ್ಮ ಎಂಜಿನ್ನಿಗೆ ಸಾದಾ ಸ್ಯಾಂಡ್‌ವಿಚ್ ಪ್ಲೇಟ್ ಕೂರುವುದಿಲ್ಲ, ಅದಕ್ಕೆಂದೇ ಮಾಡಿದ ಅಡಾಪ್ಟರ್ ಬೇಕು.

ಒಂದು ವಿಷಯ ಮಾತ್ರ ನೆನಪಿಡಿ. ಮುಂದೆ ಯಾವತ್ತಾದರೂ ಕೂಲೆಂಟ್ ಡಬ್ಬದಲ್ಲಿ ಆಯಿಲ್ ತೇಲಿದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಯಾರಾದರೂ ಕೂಡಲೇ ಹೆಡ್ ಬಿಚ್ಚಲು ಹೊರಟರೆ ತಡೆಯಿರಿ. ಎಂಜಿನ್ ಓಡುವಾಗ ಆಯಿಲಿನ ಪ್ರೆಶರ್ ನೀರಿನದ್ದಕ್ಕಿಂತ ಎಷ್ಟೋ ಜಾಸ್ತಿ. ಈ ಕೂಲರ್ ಒಳಗೆ ತೂತಾದರೆ ಆಯಿಲ್ ನೀರಿಗೆ ಸೇರುತ್ತದೆ. ಮೊದಲು ಕೂಲರ್ ಬಿಚ್ಚಿ ಪರೀಕ್ಷೆ ಮಾಡಿಸಿ. ಹೆಡ್ ಬಿಚ್ಚುವ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಪ್ರಶ್ನೆ: ಕೂಲರ್ ಬದಲು 20ಡಬ್ಲ್ಯೂ-50 ಹಾಕಿದರೆ ಸಾಲದಾ?
– ಓದುಗರು, ಮಡಕಶಿರಾ

ಉತ್ತರ: ದಪ್ಪ ಆಯಿಲ್ ಬಿಸಿಯನ್ನು ಕಡಿಮೆ ಮಾಡುವುದಿಲ್ಲ. ಅದನ್ನು ತಿರುಗಿಸಲು ಎಂಜಿನ್ ಜಾಸ್ತಿ ಶ್ರಮ ಪಡಬೇಕು, ಆ ಶ್ರಮವೂ ಬಿಸಿಯೇ ಆಗುತ್ತದೆ. ಬಿಸಿಯಲ್ಲಿ ಪದರ ಗಟ್ಟಿ ಉಳಿಯುತ್ತದೆ ನಿಜ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಕ್ಯಾಮಿಗೆ ತಲುಪುವುದು ತಡ. ಪುಸ್ತಕದಲ್ಲಿ ಕಂಪನಿ ಹೇಳಿದ ಗ್ರೇಡುಗಳಲ್ಲೇ ದಪ್ಪದ್ದನ್ನು ಆರಿಸಿ, ಸಿಂಥೆಟಿಕ್ ಹಾಕಿ.

ಪ್ರಶ್ನೆ: ಬೇರಿಂಗ್ ಹೋಗಿ ಎಂಜಿನ್ ಕಟ್ಟಿಸುತ್ತಿದ್ದೇನೆ. ಹಳೆಯ ಆಯಿಲ್ ಕೂಲರನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಹಾಕಬಹುದಾ? ಗಾಳಿಯ ಮಾದರಿಯದ್ದು, ಹಾಕಿಸಿ ಜಾಸ್ತಿ ಸಮಯ ಆಗಿಲ್ಲ.
– ಓದುಗರು, ಅಕ್ಕಲಕೋಟೆ

ಉತ್ತರ: ಹಾಕಬೇಡಿ. ಖರ್ಚು ಮಾಡಿ ಕೊಂಡದ್ದು, ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಆದರೂ ಹಾಕಬೇಡಿ. ಒಳ್ಳೆಯ ಕೂಲರಿನ ಪ್ರತಿ ಸಾಲಿನ ಒಳಗೂ ಆಯಿಲ್ ಸುತ್ತಿ ಸುತ್ತಿ ಹರಿಯಲಿ ಅಂತ ಸಣ್ಣ ಸುಕ್ಕು ತಗಡು ಇರುತ್ತದೆ. ಬೇರಿಂಗಿನ ಪುಡಿ ಆ ಸುಕ್ಕಿನಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಸೀಮೆಎಣ್ಣೆ ಹಾಕಿ ಎಷ್ಟು ಕುಲುಕಿದರೂ ಒಂದಿಷ್ಟು ಉಳಿದೇ ಉಳಿಯುತ್ತದೆ. ತೊಳೆದ ಸೀಮೆಎಣ್ಣೆ ತಿಳಿಯಾಗಿ ಬಂತು ಅಂತ ನಂಬಿ ಹಾಕಿದರೆ, ಆಯಿಲ್ ಬಿಸಿಯಾಗಿ ಪ್ರೆಶರಿನಲ್ಲಿ ಹರಿಯಲು ಶುರುವಾದ ಮೇಲೆ ಆ ಪುಡಿ ಕದಲುತ್ತದೆ. ಫಿಲ್ಟರಿನ ನಂತರ ಕೂಲರ್ ಬರುವ ಜೋಡಣೆಯಾಗಿದ್ದರೆ ಸೀದಾ ಹೊಸ ಬೇರಿಂಗಿಗೇ ಹೋಗುತ್ತದೆ. ಹೋಸನ್ನೂ ಥರ್ಮೋಸ್ಟಾಟನ್ನೂ ಬದಲಿಸಿ. ಪ್ಲೇಟ್ ಮತ್ತು ಲೋಹದ ಫಿಟ್ಟಿಂಗುಗಳನ್ನು ಬಿಚ್ಚಿ, ಬ್ರಷ್ ಹಾಕಿ ತೊಳೆದು, ಒಳಗೆ ಬೆಳಕು ಬಿಟ್ಟು ನೋಡಿ ಇಟ್ಟುಕೊಳ್ಳಬಹುದು.

ಎಂಜಿನ್ ಕಟ್ಟಿ ಸ್ವಲ್ಪ ಓಡಿಸಿದ ಮೇಲೆ ಬೇಗನೇ ಮೊದಲ ಫಿಲ್ಟರ್ ಬದಲಿಸಿ, ಹಳೆಯದನ್ನು ಎಸೆಯಬೇಡಿ. ಡಬ್ಬ ಕತ್ತರಿಸಿ ಒಳಗಿನ ಮಡಿಕೆ ಕಾಗದವನ್ನು ಬಿಸಿಲಿನಲ್ಲಿ ಬಿಡಿಸಿ ನೋಡಿ. ಅಯಸ್ಕಾಂತ ಹಿಡಿದು ಏನೂ ಅಂಟಲಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಬೇರಿಂಗಿನ ಮೇಲ್ಪದರ ತಾಮ್ರ, ಸೀಸ, ಅಲ್ಯೂಮಿನಿಯಂ ಥರದ ಲೋಹ, ಅಯಸ್ಕಾಂತಕ್ಕೆ ಬರುವುದಿಲ್ಲ. ಮಡಿಕೆಯ ನಡುವೆ ಬಂಗಾರದ ಬಣ್ಣದ ಅಥವಾ ಬೆಳ್ಳಗಿನ ಮಿನುಗು ಕಂಡರೆ ಗಾಡಿ ಓಡಿಸದೆ ಹಾಗೇ ನಿಲ್ಲಿಸಿ, ಎಂಜಿನ್ ಕಟ್ಟಿದವರಿಗೆ ಆ ಕಾಗದವನ್ನೇ ತೋರಿಸಿ.